ತುಳಸಜ್ಜಿ, ಸುಕ್ರಜ್ಜಿ ಮತ್ತು ಹೆಸರು ಬರೆದಿಡದ ಇತರರು: ಹಾಲಕ್ಕಿ ಕೊಪ್ಪಗಳಿಂದ ಅಗಲಿದ ಹಿರಿಯರ ನೆನಪು

ಅಂಕೋಲೆಯ ನಿವೃತ್ತ ಶಿಕ್ಷಕಿ

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತಮ್ಮ ಮನೆಯಲ್ಲಿ ತೀರಿಕೊಂಡರು. ಅದಾದ 59ನೆಯ ದಿನ, 2025ರ ಫೆಬ್ರುವರಿ 13ರಂದು, ಭಾರತ ಹುಣ್ಣಿಮೆಯ ಮರುದಿನ, ಜನಪದ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಉತ್ತರ ಕನ್ನಡದ ಅಂಕೋಲೆ ತಾಲ್ಲೂಕಿನ, ಒಂದೇ ಹಾಲಕ್ಕಿ ಸಮುದಾಯದ ಈ ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಸುಕ್ರಜ್ಜಿಯವರಿಗೆ 2017ರಲ್ಲಿ ಬಂತು. ತುಳಸಜ್ಜಿಯವರಿಗೆ 2020ರ ಸಾಲಿನ ಪ್ರಶಸ್ತಿ ಘೋಷಣೆಯಾಗಿ, ಸಮಾರಂಭ ಮುಂದೆ ಹೋದ ಕಾರಣ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳ ಕೈಯಿಂದ ಸಂದಿತು. ಆ ವರ್ಷದ ಸುಗ್ಗಿ ಇಬ್ಬರೂ ಇಲ್ಲದೆ ಮುಗಿಯಿತು.

ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಗೆ, ಅಂದರೆ ಕೇರಿಗಳಿಗೆ, ಹತ್ತಿರದ ಶಾಲೆಗಳಲ್ಲಿ ನಾನು ಬಹುಕಾಲ ಪಾಠ ಹೇಳಿದವಳು. ಆ ಎರಡು ತಿಂಗಳಲ್ಲಿ ಬಂದ ಶ್ರದ್ಧಾಂಜಲಿ ಬರಹಗಳನ್ನು ಸಾಧ್ಯವಾದಷ್ಟೂ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮೊನ್ನೆ ಅವನ್ನೆಲ್ಲ ಒಟ್ಟಿಗೆ ಓದುತ್ತ ಕುಳಿತಾಗ ಮನಸ್ಸಿಗೆ ಬಹಳ ಬೇಸರವಾಯಿತು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದದ್ದು, ಕೊರಳ ತುಂಬ ಕರಿಮಣಿ ಸರ ಹಾಕಿ, ಕುಪ್ಪಸವಿಲ್ಲದೆ ಹೆಗಲ ಮೇಲೆ ಗಂಟು ಹಾಕಿ ಸೀರೆ ಉಟ್ಟದ್ದು, ನೆಟ್ಟ ಗಿಡಗಳ ಅಥವಾ ಬಲ್ಲ ಹಾಡುಗಳ ದೊಡ್ಡದೊಂದು ಸಂಖ್ಯೆ, ಪ್ರಶಸ್ತಿಗಳ ಪಟ್ಟಿ: ಬರಹಗಳಲ್ಲಿ ಇದ್ದದ್ದು ಇಷ್ಟೇ. ಇವು ಸುಳ್ಳಲ್ಲ. ಆದರೆ ಮೂವತ್ತು ನಲವತ್ತು ವರ್ಷ ಒಂದೇ ಕೆಲಸದಲ್ಲಿ ಕೈ ಪಳಗಿಸಿಕೊಂಡ ಹೆಂಗಸೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಿದ್ದಳು, ಆ ಕೆಲಸದಲ್ಲಿ ಅವಳಿಗೆ ತಿಳಿದಿದ್ದು ಏನು, ಅದು ಈಗ ಯಾರಿಗೆ ತಿಳಿದಿದೆ ಎಂಬುದು ಆ ಬರಹಗಳಲ್ಲಿ ಎಲ್ಲಿಯೂ ಸಿಗಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇದು. ನಿಮಗೆ ತಿಳಿದ ಕೆಲಸದ ಕಡೆಯಿಂದ ಬರೆಯಿರಿ. ಈ ಇಬ್ಬರ ಬಗ್ಗೆ ಬರೆಯಿರಿ, ಮತ್ತು ಈಚೆಗೆ ನಿಮ್ಮ ಕೊಪ್ಪದಿಂದ ಹೋದ, ಪತ್ರಿಕೆಯಲ್ಲಿ ಎರಡು ಸಾಲೂ ಬಾರದ ಹಿರಿಯರ ಬಗ್ಗೆಯೂ ಬರೆಯಿರಿ. ಮನೆಯವರು ಒಪ್ಪದಿದ್ದಲ್ಲಿ ಹೆಸರು ಹಾಕಬೇಡಿ, ಊರು ಮತ್ತು ಕೆಲಸ ಹೇಳಿದರೆ ಸಾಕು. ಅವರು ಆಡಿರದ ಮಾತನ್ನು ಅವರ ಬಾಯಲ್ಲಿ ಇಡಬೇಡಿ. ಸತ್ತವರು ಬಂದು ತಿದ್ದುವುದಿಲ್ಲ.

ಸಿರ್ಸಿಯ ಕಡೆಯವರು, ಅರಣ್ಯ ಇಲಾಖೆಯಲ್ಲಿದ್ದವರು

ಅಕ್ಕೋರೆ, ನಿಮ್ಮ ಮಾತು ಓದಿ ಬರೆಯಬೇಕೆನಿಸಿತು. ನಾನು ತುಳಸಿ ಗೌಡರ ಜೊತೆ ಕೆಲಸ ಮಾಡಿದವನಲ್ಲ. ಅವರು ಅಂಕೋಲೆಯ ಮಾಸ್ತಿಕಟ್ಟಾ ವಲಯದ ನರ್ಸರಿಯವರು, ನಾನು ಘಟ್ಟದ ಮೇಲಿನ ಬೇರೆ ವಲಯದವನು. ಆದರೆ ಅದೇ ಕಾಲದಲ್ಲಿ ಅದೇ ಬಗೆಯ ನರ್ಸರಿಗಳಲ್ಲಿ ಇದ್ದೆನಾದ್ದರಿಂದ, ಅವರನ್ನು 'ಕಾಡಿನ ವಿಶ್ವಕೋಶ' ಎಂದು ಕರೆದಾಗ ಆ ಮಾತಿನ ಒಳಗೆ ಇರುವುದೇನು ಎಂದು ಹೇಳಬಲ್ಲೆ.

ಅವರ ಬದುಕಿನ ಹೊರಗೆರೆ ಎಲ್ಲರಿಗೂ ಗೊತ್ತಿರುವುದೇ. ಎರಡು ವರ್ಷದವರಿದ್ದಾಗ ತಂದೆ ಹೋದರು. ಶಾಲೆಯ ಮುಖ ನೋಡಲಿಲ್ಲ. ತಾಯಿಯ ಬೆನ್ನಿಗೆ ಕೂಲಿಗೆ ಹೋದ ಹುಡುಗಿಗೆ ಇನ್ನೂ ಚಿಕ್ಕವಳಿರುವಾಗಲೇ ಮದುವೆಯಾಯಿತು. ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿಯೇ ದುಡಿದರು. ಕಾಯಂ ಆದದ್ದು ಕಡೆಯ ವರ್ಷಗಳಲ್ಲಿ. ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ 1986ರಲ್ಲಿಯೇ ಬಂದಿತ್ತು, ರಾಜ್ಯೋತ್ಸವ ಪ್ರಶಸ್ತಿ 1999ರಲ್ಲಿ. ಅಂದರೆ ದೆಹಲಿಯ ಆ ಚಿತ್ರ ದೇಶವೆಲ್ಲ ಓಡಾಡುವುದಕ್ಕೆ 35 ವರ್ಷ ಮೊದಲೇ ಅವರ ಕೈಗುಣ ಬಲ್ಲವರಿಗೆ ಗೊತ್ತಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಈಗ ಕೆಲಸದ ಮಾತು. ಕಾಡಿನ ಮರದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ, ಕಾಡಿಗೇ ಹೋಗಿ ಆರಿಸಿ ತರಬೇಕು. ಯಾವ ಮರದಿಂದ ಆರಿಸಬೇಕು ಎಂಬುದರಲ್ಲಿಯೇ ಅರ್ಧ ವಿದ್ಯೆ ಇದೆ. ನಾವು 'ತಾಯಿಮರ' ಎನ್ನುವುದು ಬೊಡ್ಡೆ ನೇರವಾಗಿ ಎದ್ದ, ರೋಗವಿಲ್ಲದ, ತೀರ ಎಳೆಯದೂ ಅಲ್ಲದ ಮುಪ್ಪಾದದ್ದೂ ಅಲ್ಲದ ಮರಕ್ಕೆ. ಅಷ್ಟೇ ಸಾಲದು, ಅದು ತನ್ನ ಜಾತಿಯ ಇತರ ಮರಗಳ ನಡುವೆ ನಿಂತಿರಬೇಕು. ಬಯಲಲ್ಲಿ ಒಂಟಿಯಾಗಿ ನಿಂತ ಮರ ಎಷ್ಟೇ ಕಾಯಿ ಬಿಡಲಿ, ಪರಾಗ ಬೇರೆ ಮರದಿಂದ ಬಾರದ ಕಾರಣ ಅದರ ಸಸಿಗಳು ಸೊರಗುವುದೇ ಹೆಚ್ಚು. ಮರದಿಂದ ಮೊದಲು ಉದುರುವ ಕಾಯಿಗಳಲ್ಲಿ ಹುಳುಕು ಹೆಚ್ಚಾಗಿರುವುದರಿಂದ ಅವನ್ನು ಬಿಟ್ಟು, ನಡುವಿನ ದಿನಗಳಲ್ಲಿ ಬಿದ್ದದ್ದನ್ನು ಆರಿಸಬೇಕು; ಆ ದಿನಗಳು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಅಷ್ಟು ದೊಡ್ಡ ಕಾಡಿನಲ್ಲಿ ಯಾವ ಜಾತಿಯ ತಾಯಿಮರ ಎಲ್ಲಿದೆ, ಅದು ಯಾವ ವಾರ ಕಾಯಿ ಉದುರಿಸುತ್ತದೆ ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡವರೆಂದರೆ ತುಳಸಿ ಗೌಡರು.

ಆಮೇಲೆ ಬೀಜದ ಸ್ವಭಾವ. ಸಾಗವಾನಿಯ ಕಾಯಿಯ ಓಡು ಗಟ್ಟಿ. ರಾತ್ರಿ ನೀರಲ್ಲಿ ನೆನೆಸಿ ಹಗಲು ಬಿಸಿಲಿಗೆ ಹರವುವುದನ್ನು ಎಷ್ಟೋ ದಿನ ಮಾಡಿದ ಮೇಲೆ ಅದು ಮೊಳೆಯುತ್ತದೆ. ಹೆಬ್ಬಲಸು, ಮುರುಗಲು ಇವಕ್ಕೆ ಅದೇ ಬಿಸಿಲು ತೋರಿಸಿದರೆ ಬೀಜ ಸತ್ತೇ ಹೋಗುತ್ತದೆ. ಹಣ್ಣಿನಿಂದ ತೆಗೆದು ತೊಳೆದು ಹಸಿಯಾಗಿರುವಾಗಲೇ ಮಡಿಗೆ ಹಾಕಬೇಕು. ಹೊನ್ನೆಯ ಕಾಯಿಯ ಸುತ್ತಲಿನ ರೆಕ್ಕೆ ಕತ್ತರಿಸಿ ಹಾಕಿದರೆ ಬೇಗ ಮೊಳೆಯುತ್ತದೆ. ಮತ್ತಿಯಲ್ಲಿ ಪೊಳ್ಳು ಹೆಚ್ಚು. ನಂದಿಯ ಬೀಜ ಗಾಳಿಗೆ ಹಾರಿಹೋಗುವಷ್ಟು ಹಗುರ, ಅದರಲ್ಲಿ ಮೊಳೆಯುವುದು ಕೆಲವೇ. ಮೊಳೆತ ಸಸಿಯನ್ನು ಮಡಿಯಿಂದ ಕಿತ್ತು ಕೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಹಾಕುವಾಗ ತಾಯಿಬೇರು ಮಡಿಚಿಕೊಂಡರೆ ಆ ವರ್ಷ ಗಿಡ ಚೆನ್ನಾಗಿಯೇ ಕಾಣುತ್ತದೆ, ಮೂರನೆಯ ವರ್ಷ ಕಾಡಿನಲ್ಲಿ ವಾಲುತ್ತದೆ.

ಇದೆಲ್ಲ ಈಗ ಪುಸ್ತಕಗಳಲ್ಲಿದೆ, ನಿಜ. ಆದರೆ ಎಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಗವಾನಿ, ಅಕೇಶಿಯಾ ನೆಡುವುದೇ ಭರಾಟೆಯಾಗಿತ್ತು. 1983ರಲ್ಲಿ ಸಿರ್ಸಿ ಕಡೆಯ ಸಲ್ಕಣಿಯ ಜನ ಕಡಿಯಬಾರದೆಂದು ಮರ ಅಪ್ಪಿಕೊಂಡು ನಿಂತ ಮೇಲೆ ನಾಡಜಾತಿಯ ಗಿಡಗಳ ಮಾತು ದೊಡ್ಡದಾಗಿ ಕೇಳಿಬಂತು. ಆಗ ಕಾಡುಜಾತಿಗಳ ಬೀಜ ತಂದು ಮೊಳೆಯಿಸಿ ಕೊಡಬಲ್ಲವರು ಬಹುಪಾಲು ಮಸ್ಟರ್ ರೋಲಿನಲ್ಲಿ (ಕೂಲಿಯವರ ಹಾಜರಿ ಪಟ್ಟಿಯಲ್ಲಿ) ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರು. ನಾನು ಕಲಿತದ್ದು ಅಂಥವರಿಂದ. ತರಬೇತಿಯಲ್ಲಿ ಕಲಿತದ್ದನ್ನು ನಂಬಿ ಒಮ್ಮೆ ಮುರುಗಲು ಬೀಜವನ್ನು ಒಣಗಿಸಲು ಹರವಿದ್ದೆ. ನಮ್ಮ ನರ್ಸರಿಯ ಹಿರಿಯ ಕೂಲಿ ಹೆಂಗಸೊಬ್ಬಳು ಏನೂ ಹೇಳದೆ ಅದರಲ್ಲಿ ಒಂದು ಬುಟ್ಟಿ ಎತ್ತಿಕೊಂಡು ಹೋಗಿ ನೆರಳಿನ ಮಡಿಗೆ ಹಾಕಿದಳು. ಆ ವರ್ಷ ನಮ್ಮಲ್ಲಿ ಎದ್ದ ಮುರುಗಲು ಸಸಿಗಳು ಆ ಒಂದು ಬುಟ್ಟಿಯವು ಮಾತ್ರ. ಅವಳು ತೀರಿಕೊಂಡು ಆರು ವರ್ಷವಾಯಿತು. ಯಾವ ಕಡತದಲ್ಲೂ ಅವಳ ವಿದ್ಯೆ ದಾಖಲಾಗಿಲ್ಲ, ಹಾಜರಿ ಮಾತ್ರ ದಾಖಲಾಗಿದೆ.

ಕೊಪ್ಪದ ಮನೆಯವನು, ಈಗ ಬೆಂಗಳೂರು

ಸರ್, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ನಾನು ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ದಂಡೆಯ ಹಾಲಕ್ಕಿ ಕೊಪ್ಪದವನು. ಒಂದು ಮಾತು ಕೇಳಬೇಕಾಗಿದೆ, ತಪ್ಪು ತಿಳಿಯಬೇಡಿ. ಇಬ್ಬರು ಅಜ್ಜಿಯರ ಚಿತ್ರವನ್ನು ಇಲ್ಲಿ ಸಹೋದ್ಯೋಗಿಗಳು ನನಗೆ ಕಳುಹಿಸಿದಾಗ ಹೆಮ್ಮೆಯಾಯಿತು, ಅದರ ಜೊತೆಗೇ ಹೇಳಲಾಗದ ಒಂದು ಕಸಿವಿಸಿಯೂ ಆಯಿತು. ಏಕೆಂದರೆ ಅವರೆಲ್ಲರೂ ಕೇಳಿದ್ದು ಉಡುಪಿನ ಬಗ್ಗೆ. ನನ್ನ ಅಜ್ಜಿಯೂ ಹಾಗೆಯೇ ಉಡುತ್ತಿದ್ದಳು. ಗದ್ದೆಯ ಕೆಸರಿನಲ್ಲಿ ಇಡೀ ದಿನ ಬಗ್ಗಿ ನಿಲ್ಲುವವಳಿಗೆ ಅದು ಹೊಂದುವ ಉಡುಗೆಯಾಗಿತ್ತು. ಅಮ್ಮನ ಕಾಲಕ್ಕೆ ಅದು ಕಡಿಮೆಯಾಯಿತು, ಅಕ್ಕಂದಿರ ಕಾಲಕ್ಕೆ ವೇದಿಕೆಯ ಮೇಲಿನ ವೇಷವಾಯಿತು. ಅಜ್ಜಿ ಎರಡು ವರ್ಷದ ಹಿಂದೆ ಹೋದಳು. ಅವಳ ಬಗ್ಗೆ ಬರೆಯಬೇಕೆಂದು ಆಸೆ ಇದೆ. ಆದರೆ ಪ್ರಶಸ್ತಿ ಇಲ್ಲದವಳ ಬದುಕಿನಲ್ಲಿ ಹೇಳಲು ಏನಿದೆ ಎಂದು ಚಿಕ್ಕಪ್ಪನೇ ಕೇಳಿದರು. ಅವರಿಗೆ ಏನು ಉತ್ತರ ಕೊಡಲಿ ಎಂದು ತಿಳಿಯದೆ ಸುಮ್ಮನಾದೆ.

ಕುಮಟೆಯ ಜಾನಪದ ವಿದ್ಯಾರ್ಥಿನಿ

ತಮ್ಮಾ, ಉತ್ತರ ಕೊಡಲು ಅವಸರ ಬೇಡ, ಬರೆಯಲು ಮಾತ್ರ ತಡಮಾಡಬೇಡ. ಸುಕ್ರಜ್ಜಿಯವರ ಹಾಡುಗಳ ವಿಷಯದಲ್ಲಿ ನನಗೆ ಕಾಡುತ್ತಿರುವ ಸಂಗತಿಯನ್ನು ಹೇಳುತ್ತೇನೆ.

ನಮ್ಮ ಜಿಲ್ಲೆ ಹಾಡು ಬರೆದಿಟ್ಟುಕೊಳ್ಳುವ ವಿಷಯದಲ್ಲಿ ದರಿದ್ರವೇನೂ ಅಲ್ಲ. ಎಲ್.ಆರ್. ಹೆಗಡೆಯವರು, ಎನ್.ಆರ್. ನಾಯಕರು ಮನೆ ಮನೆ ಅಲೆದು ಇಲ್ಲಿಯ ಜನಪದ ಸಾಹಿತ್ಯವನ್ನು ಸಂಗ್ರಹಿಸಿದರು. ಅವರ ಶ್ರಮ ಇಲ್ಲದಿದ್ದರೆ ಇಂದು ನಮ್ಮ ಕೈಯಲ್ಲಿ ಬಹಳ ಕಡಿಮೆ ಇರುತ್ತಿತ್ತು. ಸುಕ್ರಿ ಬೊಮ್ಮಗೌಡರ ಹಾಡುಗಳನ್ನು ಕಾರವಾರ ಆಕಾಶವಾಣಿ ಧ್ವನಿಮುದ್ರಿಸಿಕೊಂಡಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಆದರೂ ಅವರು ತೀರಿಕೊಂಡಾಗ ಎಲ್ಲ ಕಡೆ ಬಂದದ್ದು 'ಸಾವಿರಾರು ಹಾಡು ಬಲ್ಲವರು' ಎಂಬ ಮಾತು. ಸಾವಿರಾರು ಎಂದರೆ ಯಾವ ಹಾಡುಗಳು? ನಾಟಿಯ ಹಾಡು ನಾಟಿಯಲ್ಲಿ, ಸೋಬಾನೆ ಮದುವೆಯಲ್ಲಿ, ಬೀಸುವ ಪದ ಕಲ್ಲಿನ ಮುಂದೆ ಎಂಬ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ಇದೆ. ಆದರೆ ಒಂದು ಮದುವೆಯಲ್ಲಿ ಹಂದರ ಹಾಕುವಾಗ, ಅರಿಸಿನ ಹಚ್ಚುವಾಗ, ಧಾರೆಯ ಹೊತ್ತಿಗೆ, ಹೆಣ್ಣು ಒಪ್ಪಿಸಿ ಕೊಡುವಾಗ ಹೀಗೆ ಒಂದೊಂದಕ್ಕೂ ಬೇರೆ ಹಾಡಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಡುವಂತಿಲ್ಲ. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ಎತ್ತಿಕೊಡುವವಳಿಗೆ ಹಾಡು ಬಂದರಷ್ಟೇ ಸಾಲದು, ಯಾವ ಗಳಿಗೆಗೆ ಯಾವುದು ಎಂಬುದೂ ಬರಬೇಕು. ಸ್ಟುಡಿಯೋದ ಧ್ವನಿಮುದ್ರಣದಲ್ಲಿ ಹಾಡು ಉಳಿಯುತ್ತದೆ, ಗಳಿಗೆ ಉಳಿಯುವುದಿಲ್ಲ.

ನಾನು ಅಧ್ಯಯನಕ್ಕೆಂದು ಒಂದು ಕೊಪ್ಪಕ್ಕೆ ಹೋದಾಗ ಇದೇ ತಪ್ಪು ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ಜಗುಲಿಯ ಮೇಲೆ ಕುಳಿತ ಹಿರಿಯಳೊಬ್ಬಳಿಗೆ ನಾಟಿಯ ಹಾಡು ಹೇಳಿ ಎಂದೆ. ನಾಲ್ಕು ಸಾಲಾದ ಮೇಲೆ ನಿಲ್ಲಿಸಿದಳು. ಮರೆತು ಹೋಗಿದೆ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ. ಆಷಾಢದಲ್ಲಿ ಮತ್ತೆ ಹೋದಾಗ ಅದೇ ಹೆಂಗಸು ಗದ್ದೆಯಲ್ಲಿ ಸಸಿ ನೆಡುತ್ತ, ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಅದೇ ಹಾಡನ್ನು ಅರ್ಧ ಗಂಟೆ ಹಾಡಿದಳು. ಅವಳಿಗೆ ಹಾಡು ಮರೆತಿರಲಿಲ್ಲ, ಹಾಡು ಇದ್ದ ಜಾಗದಲ್ಲಿ ನಾನು ಕೇಳಿರಲಿಲ್ಲ. ಅವಳು ಕಳೆದ ಮಳೆಗಾಲದಲ್ಲಿ ಹೋದಳು. ಆ ಗದ್ದೆಗೆ ಈಗ ನಾಟಿಯ ಯಂತ್ರ ಬಂದಿದೆ.

ಬೆಳಂಬಾರದ ಕಡೆಯವಳು

ಎಲ್ಲರೂ ಸುಕ್ರಜ್ಜಿಯ ಕಂಠವನ್ನು ನೆನೆಯುತ್ತಿದ್ದೀರಿ. ನನಗೆ ಅವರು ಮೊದಲು ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿ ನಿಂತವರು, ಆಮೇಲೆ ಹಾಡಿದವರು.

ತೊಂಬತ್ತರ ದಶಕದಲ್ಲಿ ನಮ್ಮ ಕೇರಿಗಳಲ್ಲಿ ಕೊಟ್ಟೆ ಸಾರಾಯಿ (ಪ್ಲಾಸ್ಟಿಕ್ ಪೊಟ್ಟಣದ ಸಾರಾಯಿ) ಮಾಡಿದ ಹಾಳನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಮ್ಮಪ್ಪ ಗದ್ದೆ ಗೇಣಿ ಮಾಡುತ್ತಿದ್ದರು, ಒಳ್ಳೆಯ ಗುಮಟೆ ಬಾರಿಸುತ್ತಿದ್ದರು. ಸಂಜೆಯ ಕೂಲಿ ಮನೆಗೆ ಬರುವ ದಾರಿಯಲ್ಲಿಯೇ ಕರಗುತ್ತಿತ್ತು. ಅಮ್ಮ ಹರಿವೆ ಸೊಪ್ಪು, ಬಸಳೆ ಹೊತ್ತು ಅಂಕೋಲೆ ಪೇಟೆಗೆ ನಡೆದು ಹೋಗಿ ಮಾರಿ ತಂದ ದುಡ್ಡನ್ನು ಅಕ್ಕಿ ಡಬ್ಬದ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಅಪ್ಪನಿಗೆ ನಲವತ್ತೈದು ತುಂಬಲಿಲ್ಲ.

ಸುಕ್ರಜ್ಜಿಯ ಮನೆಯಲ್ಲಿಯೂ ಇದೇ ಆಗಿತ್ತು. ಸಾಕಿದ ಮಗನನ್ನು ಅವರು ಕುಡಿತಕ್ಕೆ ಕಳೆದುಕೊಂಡರು. ಆ ಸಂಕಟವನ್ನು ಮನೆಯೊಳಗೆ ಇಟ್ಟುಕೊಳ್ಳದೆ ಬಡಗೇರಿಯಲ್ಲಿ ಸಾರಾಯಿ ಮಾರಾಟದ ವಿರುದ್ಧ ಹೋರಾಟ ಕಟ್ಟಿದರು. ಗಂಡಸರ ಊರ ವ್ಯವಸ್ಥೆಯಲ್ಲಿ, ಊರಗೌಡ, ಬುಧವಂತ ಎಂಬ ಮುಖಂಡರು ಕುಳಿತು ನ್ಯಾಯ ಹೇಳುವ ಕಡೆ, ಗಂಡನಿಲ್ಲದ ಹೆಂಗಸೊಬ್ಬಳು ಎದ್ದು ಮಾತಾಡುವುದೆಂದರೆ ಏನೆಂದು ನಮ್ಮವರಿಗೆ ಗೊತ್ತು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದಕ್ಕೆ ಎಷ್ಟೋ ವರ್ಷ ಮೊದಲೇ ಕೊಪ್ಪದ ಹೆಂಗಸರು ತಮ್ಮ ಕೇರಿಯ ಮಟ್ಟಿಗೆ ಅದನ್ನು ಕೇಳಿದ್ದರು. ಸಾಕ್ಷರತೆಯ ಕೆಲಸದಲ್ಲಿಯೂ ಅವರು ಇದ್ದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಳೆಯ ಬೇಡಿಕೆಯನ್ನು ಪ್ರಶಸ್ತಿ ಬಂದ ಮೇಲೂ ಬಿಡದೆ ದೊಡ್ಡವರ ಮುಂದೆ ಇಡುತ್ತಿದ್ದರು. ಆ ಬೇಡಿಕೆ ಈಡೇರುವುದನ್ನು ನೋಡದೆಯೇ ಹೋದರು.

ಹಿರಿಯರೆ, ನೀವು ಸಸಿ ಹಾಕುವ ಕೊಟ್ಟೆಯ ಮಾತು ಬರೆದಿದ್ದೀರಿ. ನನಗೆ ಆ ಶಬ್ದ ಕೇಳಿದರೆ ಇನ್ನೊಂದು ಕೊಟ್ಟೆಯೇ ಕಣ್ಣ ಮುಂದೆ ಬರುತ್ತದೆ. ಅಪ್ಪನ ಜೇಬಿನಿಂದ ಅದನ್ನು ತೆಗೆದು ಒಲೆಗೆ ಹಾಕುತ್ತಿದ್ದವಳು ನಾನು.

ಗಂಗಾವಳಿ ದಂಡೆಯವರು

ಈ ಮಾತುಕತೆಯಲ್ಲಿ ಇನ್ನೂ ಬಾರದ ಒಂದು ಸಾವನ್ನು ಸೇರಿಸಲು ಅನುಮತಿ ಕೇಳುತ್ತೇನೆ. ತುಳಸಜ್ಜಿ ತೀರಿಕೊಳ್ಳುವುದಕ್ಕೆ ಸರಿಯಾಗಿ ಐದು ತಿಂಗಳು ಮೊದಲು, 2024ರ ಜುಲೈ 16ರ ಬೆಳಿಗ್ಗೆ, ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ಚಹದಂಗಡಿಯಲ್ಲಿದ್ದವರು, ಲಾರಿ ನಿಲ್ಲಿಸಿದ್ದವರು ಮಣ್ಣಿನಡಿ ಸಿಕ್ಕರು, ನದಿಗೆ ಬಿದ್ದರು. ಕೇರಳದ ಲಾರಿ ಚಾಲಕರೊಬ್ಬರ ಹುಡುಕಾಟ ಸೆಪ್ಟೆಂಬರ್ ಕೊನೆಯವರೆಗೂ ನಡೆದು ದೇಶವೆಲ್ಲ ಆ ಸುದ್ದಿಯನ್ನು ನೋಡಿತು. ಅವರ ಮನೆಯವರ ದುಃಖ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅಷ್ಟು ಮಣ್ಣು ಒಮ್ಮೆಲೇ ಗಂಗಾವಳಿ ನದಿಗೆ ಬಿದ್ದಾಗ ನೀರು ಗೋಡೆಯಂತೆ ಎದ್ದು ಎದುರು ದಡದ ಉಳುವರೆಗೆ ನುಗ್ಗಿತು. ಅಲ್ಲಿ ಹಾಲಕ್ಕಿಗಳ ಮನೆಗಳಿದ್ದವು. ಮನೆಗಳು ನೆಲಸಮವಾದವು, ಒಬ್ಬ ಹೆಂಗಸು ನೀರಿನ ಪಾಲಾದರು, ದೇಹ ಸಿಕ್ಕಿದ್ದು ದಿನಗಳ ನಂತರ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆಯುವ ಹಕ್ಕು ಅವರ ಮಕ್ಕಳದ್ದು. ಗುಡ್ಡ ಬಿದ್ದದ್ದು ಆಚೆ ದಡದಲ್ಲಿ, ಕ್ಯಾಮೆರಾಗಳೂ ಆಚೆ ದಡದಲ್ಲಿಯೇ ಇದ್ದವು. ಈಚೆ ದಡದಲ್ಲಿ ಪಾತ್ರೆ, ಭತ್ತ, ದನ, ಬಲೆ, ತೆಂಗಿನ ಮರ ಎಲ್ಲ ಕಳೆದುಕೊಂಡವರು ಅಳುತ್ತ ಕುಳಿತಿದ್ದರು.

ಪದ್ಮಶ್ರೀ ಬಂದವರು ಹೋದಾಗ ಸರ್ಕಾರಿ ಗೌರವ, ಪತ್ರಿಕೆಯ ಮುಖಪುಟ. ಇವರು ಹೋದಾಗ ಪರಿಹಾರದ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆ. ಇದನ್ನು ಹಿರಿಯ ಇಬ್ಬರ ಮೇಲಿನ ಅಸಮಾಧಾನದಿಂದ ಹೇಳುತ್ತಿಲ್ಲ, ಅವರಿಬ್ಬರೂ ನಮ್ಮವರೇ. ಹಾಲಕ್ಕಿಗಳ ಸಾವು ಎಂದ ಕೂಡಲೇ ನಾವು ಎರಡು ಚಿತ್ರಗಳನ್ನು ಮಾತ್ರ ತೆಗೆಯುವುದಾದರೆ, ಉಳುವರೆಯ ಆ ತಾಯಿಯನ್ನು ನಾವೇ ಎರಡನೆಯ ಸಲ ನೀರಿಗೆ ಬಿಟ್ಟಂತೆ ಆಗುತ್ತದೆ.

ಅಂಕೋಲೆಯ ನಿವೃತ್ತ ಶಿಕ್ಷಕಿ

ಅಣ್ಣಾ, ಅನುಮತಿಯನ್ನು ನೀವು ಕೇಳಬಾರದಿತ್ತು, ಆ ಸಾವನ್ನು ಮೊದಲ ಸಾಲಿನಲ್ಲಿಯೇ ನಾನು ಬರೆಯಬೇಕಿತ್ತು. ತಪ್ಪಾಯಿತು. ಎರಡು ಹೆಸರುಗಳಿಂದ ಶುರುಮಾಡಿದ್ದು ನಾನೂ ಪತ್ರಿಕೆಯ ಕಣ್ಣಿನಿಂದಲೇ ನೋಡುತ್ತಿದ್ದೇನೆಂದು ತೋರಿಸಿಕೊಟ್ಟಿತು.

ಬರೆಯುವವರ ಅನುಕೂಲಕ್ಕೆ ಒಂದು ಸಂಗತಿ. ನಮ್ಮ ಹಿರಿಯರ ವಯಸ್ಸನ್ನು ಬರೆಯುವಾಗ ಎಚ್ಚರವಿರಲಿ. ತುಳಸಿ ಗೌಡರು ತೀರಿಕೊಂಡಾಗ ಅವರಿಗೆ 86 ವರ್ಷ ಎಂದು ಬಹಳಷ್ಟು ವರದಿಗಳಲ್ಲಿ ಬಂತು. ಹುಟ್ಟಿದ್ದು 1944ರಲ್ಲಿ ಎಂದು ಬೇರೆ ಕಡೆ ಅಚ್ಚಾಗಿದೆ. ಎರಡೂ ಒಂದಕ್ಕೊಂದು ಕೂಡುವುದಿಲ್ಲ. ಇದು ಬರೆದವರ ಅಜಾಗರೂಕತೆ ಮಾತ್ರವಲ್ಲ. ಶಾಲೆಗೆ ಹೋಗದ ಹೆಣ್ಣುಮಕ್ಕಳ ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಪಡಿತರ ಚೀಟಿ, ಗುರುತಿನ ಚೀಟಿ ಮಾಡುವಾಗ ಗುಮಾಸ್ತರು ಮುಖ ನೋಡಿ ಅಂದಾಜಿನಲ್ಲಿ ಬರೆದದ್ದೇ ಎಷ್ಟೋ ಮಂದಿಯ ವಯಸ್ಸು. ವಾರ ಮಾತ್ರ ಹಲವರ ಹೆಸರಿನಲ್ಲಿ ಉಳಿದಿದೆ: ಶುಕ್ರವಾರದವಳು ಸುಕ್ರಿ, ಸೋಮವಾರದವಳು ಸೋಮಿ. ಹೀಗಾಗಿ ಊರಿನ ಘಟನೆಗಳ ಆಸರೆ ಹಿಡಿಯಿರಿ. ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿದ 1956, ಕೊಂಕಣ ರೈಲು ಪೂರ್ತಿ ಓಡಲು ಶುರುವಾದ 1998, ಇಂಥವುಗಳ ಹಿಂದೆ ಮುಂದೆ ಮದುವೆಯಾಯಿತೆ, ಮಗ ಹುಟ್ಟಿದನೆ ಎಂದು ಮನೆಯ ಹಿರಿಯರನ್ನು ಕೇಳಿದರೆ ವರ್ಷ ಹತ್ತಿರಕ್ಕೆ ಬರುತ್ತದೆ.

ಬೆಂಗಳೂರಿನ ತಮ್ಮನಿಗೆ: ನಿನ್ನ ಚಿಕ್ಕಪ್ಪನ ಪ್ರಶ್ನೆಗೆ ಅಜ್ಜಿ ಮಾಡುತ್ತಿದ್ದ ಯಾವುದಾದರೂ ಒಂದೇ ಕೆಲಸವನ್ನು ಬರೆದು ಉತ್ತರ ಕೊಡು.

ಕೊಪ್ಪದ ಮನೆಯವನು, ಈಗ ಬೆಂಗಳೂರು

ಅಕ್ಕೋರೆ, ನಿಮ್ಮ ಮಾತಿನ ಮೇಲೆ ಊರಿಗೆ ಹೋಗಿ ಎರಡು ದಿನ ಇದ್ದು, ಅಮ್ಮ ಮತ್ತು ದೊಡ್ಡಮ್ಮನ ಹತ್ತಿರ ಕೇಳಿ ಬರೆದುಕೊಂಡು ಬಂದಿದ್ದೇನೆ. ಚಿಕ್ಕಪ್ಪನೂ ಕುಳಿತಿದ್ದರು, ಕೊನೆಗೆ ಹೆಚ್ಚು ಹೇಳಿದ್ದು ಅವರೇ.

ಅಜ್ಜಿಯ ಕೆಲಸ ಗಜನಿಯಲ್ಲಿ. ತಿಳಿಯದವರಿಗಾಗಿ ಹೇಳುತ್ತೇನೆ: ಅಘನಾಶಿನಿ ಸಮುದ್ರ ಸೇರುವ ಕಡೆ ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಒಳಗೆ ಬರುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿ ಸಾಮಾನ್ಯ ಭತ್ತ ಬದುಕುವುದಿಲ್ಲ, ಕಗ್ಗ ಎಂಬ ತಳಿ ಬದುಕುತ್ತದೆ. ಉಪ್ಪನ್ನು ತಡೆಯುತ್ತದೆ, ನೆರೆ ಬಂದು ನಾಲ್ಕಾರು ದಿನ ಮುಳುಗಿದರೂ ಮತ್ತೆ ಏಳುತ್ತದೆ. ಗೊಬ್ಬರ ಹಾಕುವ ಪದ್ಧತಿ ಇಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಉಪ್ಪು ಮೇಲೆ ಬಂದಿರುತ್ತದೆ, ಮೊದಲ ಮಳೆಗಳ ನೀರು ಅದನ್ನು ತೊಳೆದು ಹೊರಗೆ ಹೋಗಬೇಕು. ಉಪ್ಪು ಇಳಿದಿದೆಯೇ ಇಲ್ಲವೇ ಎಂದು ಅಜ್ಜಿ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ಅವಳು ಸರಿ ಎಂದ ಮೇಲೆ ಕೇರಿಯವರು ಮೊಳಕೆ ಕಟ್ಟಲು ಶುರುಮಾಡುತ್ತಿದ್ದರು. ಹುಲ್ಲಿನ ಮುಡೆಯಲ್ಲಿ ಕಟ್ಟಿಟ್ಟ ಬೀಜದ ಭತ್ತವನ್ನು ನೆನೆಸಿ, ಮೊಳಕೆ ಬರಿಸಿ, ಮೊಣಕಾಲುದ್ದ ಕೆಸರುನೀರಿನಲ್ಲಿ ನಿಂತು ಬಿತ್ತಬೇಕು. ಬೇಗ ಬಿತ್ತಿದರೆ ಉಪ್ಪಿಗೆ ಸುಟ್ಟುಹೋಗುತ್ತದೆ. ತಡವಾದರೆ ನೀರು ಏರಿ ಮೊಳಕೆ ತೇಲಿಹೋಗುತ್ತದೆ. ನಡುವೆ ಸಿಗುವುದು ಕೆಲವೇ ದಿನ.

ಕಟ್ಟೆ ಒಡೆದು ನಮ್ಮ ಕಡೆಯ ಗಜನಿಯ ಬಹುಭಾಗ ಬೀಳುಬಿದ್ದಿತು, ಸಿಗಡಿ ಸಾಕುವವರಿಗೆ ಕೊಟ್ಟವರೂ ಇದ್ದಾರೆ. ಅಜ್ಜಿ ಮಾತ್ರ ಕೊನೆಯವರೆಗೂ ಒಂದು ತುಂಡಿನಲ್ಲಿ ಕಗ್ಗ ಹಾಕಿಸಿದಳು, ಊಟಕ್ಕಲ್ಲ, ಬೀಜ ತಪ್ಪಬಾರದೆಂದು. ಕಡೆಯ ಎರಡು ವರ್ಷ ಅವಳಿಗೆ ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ದೊಡ್ಡಮ್ಮ ತಂಬಿಗೆಯಲ್ಲಿ ಗಜನಿಯ ನೀರು ತಂದು ಕೊಡುತ್ತಿದ್ದಳಂತೆ. ಇದು ನನಗೆ ಗೊತ್ತೇ ಇರಲಿಲ್ಲ. ನಾನು ಆಗ ಇಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಪ್ರತಿ ವಾರ ಫೋನ್ ಮಾಡುತ್ತಿದ್ದೆ, ಊಟ ಆಯಿತೇ ಎಂದು ಕೇಳಿ ಇಡುತ್ತಿದ್ದೆ.

ವಯಸ್ಸಿನ ವಿಷಯ. ಗುರುತಿನ ಚೀಟಿಯಲ್ಲಿ ಹುಟ್ಟಿದ್ದು 1950 ಎಂದಿದೆ. ಆದರೆ 1948ರಲ್ಲಿ ಗಾಂಧಿಯವರು ತೀರಿಕೊಂಡ ಮರುದಿನದ ಬಗ್ಗೆ ಅಜ್ಜಿ ಹೇಳುತ್ತಿದ್ದುದನ್ನು ಚಿಕ್ಕಪ್ಪ ನೆನಪಿಸಿಕೊಂಡರು. ಪೇಟೆ ಪೂರ್ತಿ ಮುಚ್ಚಿತ್ತು, ತಾಯಿಯೊಡನೆ ಸೊಪ್ಪು ಹೊತ್ತು ಹೋದವಳು ಹಾಗೆಯೇ ಮರಳಿದಳು, ಆಗ ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಹಲ್ಲು ಬೀಳುವ ವಯಸ್ಸು ಆರೋ ಏಳೋ ಎಂದು ಹಿಡಿದರೆ ಅವಳು ಹುಟ್ಟಿದ್ದು 1941 ಅಥವಾ 1942. ಇದನ್ನು ಹೀಗೆಯೇ ಬರೆಯಬಹುದೇ?

ಸಿರ್ಸಿಯ ಕಡೆಯವರು, ಅರಣ್ಯ ಇಲಾಖೆಯಲ್ಲಿದ್ದವರು

ಹಾಗೆಯೇ ಬರೆಯಿರಿ, ಹಲ್ಲಿನ ಮಾತು ಸೇರಿಸಿಯೇ ಬರೆಯಿರಿ. ಒಂದು ಪ್ರಶ್ನೆ ಇದೆ. ಆ ಮುಡೆಯಲ್ಲಿ ಈಗ ಬೀಜವಿದೆಯೇ? ಭತ್ತದ ಬೀಜ ಕರಾವಳಿಯ ತೇವದಲ್ಲಿ ಎರಡು ಮಳೆಗಾಲ ದಾಟಿದರೆ ಮೊಳೆಯುವುದು ಬಹಳ ಕಡಿಮೆಯಾಗುತ್ತದೆ.

ಕೊಪ್ಪದ ಮನೆಯವನು, ಈಗ ಬೆಂಗಳೂರು

ಇದೆ ಸರ್. ಹೋದ ವರ್ಷ ದೊಡ್ಡಮ್ಮ ಹಾಕಿ ತೆಗೆದದ್ದು, ಒಂದೇ ಮುಡೆ. ಈ ಸಲ ಮೊದಲ ಮಳೆ ಬಿದ್ದ ಮೇಲೆ ರಜೆ ಹಾಕಿ ಬರುತ್ತೇನೆಂದು ಹೇಳಿ ಬಂದಿದ್ದೇನೆ. ನೀರು ರುಚಿ ನೋಡುವುದನ್ನು ದೊಡ್ಡಮ್ಮ ಕಲಿಸುತ್ತಾಳಂತೆ.